ಪೆನುಕೊಂಡದ ಸೀಮೆಯ ಹೆಂಚು ಮತ್ತು ಬಿಲ್ಲೆ: ಹಳೆಯ ಮನೆಗಳನ್ನುಳ್ಳವರಿಗೆ

ಪೆನುಕೊಂಡದ ಬೆಟ್ಟವನ್ನು ಹತ್ತಿ, ಹಳೆಯ ಬರಹಗಳು ಘನಗಿರಿಯೆಂದು ಹೆಸರಿಸಿರುವ ಆ ಬಂಡೆಗಳ ರಾಶಿಯ ಮೇಲೆ ನಿಂತು ಕೆಳಗಿನ ಊರನ್ನು ನೋಡುವವನಿಗೆ ಮೊದಲು ಕಣ್ಣಿಗೆ ಬೀಳುವುದು ಸಮತಟ್ಟಾದ ಮಾಳಿಗೆಗಳ ಹರಹು. ಅವುಗಳ ನಡುನಡುವೆ, ಮಾಸಿದ ಬಿಳಿಯ ಸೀರೆಗೆ ಕೆಂಪು ತೇಪೆ ಹಚ್ಚಿದಂತೆ, ಅಲ್ಲೊಂದು ಇಲ್ಲೊಂದು ಇಳಿಜಾರಿನ ಹೆಂಚಿನ ಸೂರು. ಕರಾವಳಿಯಿಂದಲೋ ಮಲೆನಾಡಿನಿಂದಲೋ ಬಂದವರಿಗೆ ಇದು ವಿಪರೀತವಾಗಿ ತೋರಿದರೆ ಆಶ್ಚರ್ಯವಿಲ್ಲ. ಅಲ್ಲಿ ಹೆಂಚೇ ನಿಯಮ, ಮಾಳಿಗೆ ಅಪವಾದ. ಇಲ್ಲಿ ಮಾಳಿಗೆಯೇ ನಿಯಮ, ಹೆಂಚು ಅಪವಾದ. ವರ್ಷದಲ್ಲಿ ಸರಾಸರಿ 550 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ಈ ಅನಂತಪುರದ ಬಯಲಿನಲ್ಲಿ, ತೊಲೆ ಜಂತೆಗಳ ಮೇಲೆ ಕಲ್ಲು ಚಪ್ಪಡಿಯನ್ನೋ ಕಡ್ಡಿಯ ಹಾಸನ್ನೋ ಹರಡಿ, ನೀರನ್ನು ಸುಲಭವಾಗಿ ಒಳಕ್ಕೆ ಬಿಡದ ಚೌಳುಮಣ್ಣನ್ನು ಅದರ ಮೇಲೆ ತುಳಿದು ಗಟ್ಟಿಮಾಡಿದರೆ ಸಾಕಾಗುತ್ತಿತ್ತು. ಹಾಗಿರುವಲ್ಲಿ, ದೂರದ ಸಮುದ್ರತೀರದಲ್ಲಿ ಸುಟ್ಟು ರೈಲಿನಲ್ಲಿ ತರಬೇಕಾದ ಹೆಂಚು ಇಲ್ಲಿಗೆ ಬಂದುದಾದರೂ ಏತಕ್ಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರವನ್ನು ಹುಡುಕುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುವುದು: ಈ ಸೀಮೆಯಲ್ಲಿ ಹೆಂಚೂ ಬಿಲ್ಲೆಯೂ ಮಳೆಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಬಿಸಿಲನ್ನು, ಧೂಳನ್ನು, ಮಂಕುತನವನ್ನು ತಡೆಯುವುದಕ್ಕೆ ಬಂದವು. ಅವುಗಳನ್ನು ಉಳಿಸಿಕೊಳ್ಳಬೇಕೆನ್ನುವವರು ಈ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೈಹಾಕಬೇಕು.

ನಾನಿಲ್ಲಿ ಹೇಳಹೊರಟಿರುವುದು ಸುಮಾರಾಗಿ 1930ರಿಂದ 1965ರ ವರೆಗೆ ಕಟ್ಟಿದ ಮನೆಗಳನ್ನು ಕುರಿತು. ಆ ಅವಧಿಯ ಆರಂಭದಲ್ಲಿ ಈ ಸೀಮೆ ಮದರಾಸು ಪ್ರಾಂತಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದಲ್ಲಿ, 1956ರ ನವೆಂಬರಿನಲ್ಲಿ ಆಂಧ್ರಪ್ರದೇಶದಲ್ಲಿ ಸೇರಿತು. 2022ರಲ್ಲಿ ಪೆನುಕೊಂಡ ಹಿಂದೂಪುರಗಳು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಿಗೆ ಹೋಗಿ, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಆಡಳಿತ ಎಷ್ಟು ಬಾರಿ ಬದಲಾದರೂ ಮಡಕಶಿರ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳ ಮನೆಗಳೊಳಗೆ ಕನ್ನಡ ಬದಲಾಗಲಿಲ್ಲ. ಆದುದರಿಂದ ಇಲ್ಲಿಯ ಗಾರೆ ಕೆಲಸದವರ ಬಾಯಿಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ: ನಾವು ಮಾಳಿಗೆ ಎಂದರೆ ಅವರು ಮಿದ್ದೆ ಎಂದಾರು, ನಾವು ಹೆಂಚು ಎಂದರೆ ಪೆಂಕು ಎಂದಾರು, ಬಿಲ್ಲೆ, ಗಚ್ಚು, ಸುಣ್ಣ ಮಾತ್ರ ಇಬ್ಬರಿಗೂ ಸಮಾನ. ಕೆಲಸಗಾರರೊಡನೆ ಮಾತನಾಡುವಾಗ ಈ ಜೋಡಿಪದಗಳು ತಿಳಿದಿರುವುದು ಒಳ್ಳೆಯದು. ಅರ್ಧ ತಪ್ಪುಗಳು ಮಾತಿನಲ್ಲಿಯೇ ಆಗುತ್ತವೆ.

ಮೊದಲು ಸೂರಿನ ಹೆಂಚನ್ನು ನೋಡೋಣ. ನಾವು ಮಂಗಳೂರು ಹೆಂಚು ಎಂದು ಕರೆಯುವ, ಒಂದರ ಅಂಚು ಇನ್ನೊಂದರ ಗಾಡಿಯೊಳಗೆ ಕೂರುವ ಈ ಚಪ್ಪಟೆ ಹೆಂಚಿನ ಮೂಲಕಲ್ಪನೆ ಫ್ರಾನ್ಸಿನದು; ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದಿದ್ದರು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು, ಮುದ್ರಣಾಲಯದ ಕೆಲಸಕ್ಕೆಂದು ಮಂಗಳೂರಿಗೆ ಬಂದವರು, ಅಲ್ಲಿಯ ನದೀತೀರದ ಜೇಡಿಮಣ್ಣಿನ ಗುಣವನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ನೆಲೆಗೊಳಿಸಿದರು. ಮೊದಲನೆಯ ಮಹಾಯುದ್ಧದ ತರುವಾಯ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು. ಇಷ್ಟು ಇತಿಹಾಸವನ್ನು ಹೇಳಿದ್ದಕ್ಕೆ ಪ್ರಯೋಜನವುಂಟು. ನಿಮ್ಮ ಸೂರಿನಿಂದ ಒಂದು ಹೆಂಚನ್ನು ಇಳಿಸಿ ಬೆನ್ನು ಮೇಲಾಗಿ ತಿರುಗಿಸಿದರೆ ಉಬ್ಬಕ್ಷರಗಳಲ್ಲಿ ಕಾರ್ಖಾನೆಯ ಹೆಸರು ಕಾಣಿಸುವುದು. ಅದರಲ್ಲಿ 1865 ಎಂದಿದ್ದರೆ, ಅನೇಕರು ಸಂತೋಷದಿಂದ ಭ್ರಮಿಸುವಂತೆ, ಮನೆ ಅಷ್ಟು ಹಳೆಯದೆಂದು ಅರ್ಥವಲ್ಲ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಬಾಸೆಲ್ ಮಿಶನ್ ಎಂದಿದ್ದರೆ ಹೆಂಚು ಬಹುಮಟ್ಟಿಗೆ ಆ ಯುದ್ಧಕ್ಕೆ ಹಿಂದಿನದು, ಕಾಮನ್‌ವೆಲ್ತ್ ಎಂದಿದ್ದರೆ ಈಚಿನದು. ಆದರೂ ಮನೆಯ ವಯಸ್ಸನ್ನು ಹೆಂಚೊಂದರಿಂದಲೇ ನಿರ್ಣಯಿಸಬಾರದು. ಒಂದು ಸೂರಿನಿಂದ ಇಳಿದ ಹೆಂಚು ಇನ್ನೊಂದು ಸೂರನ್ನೇರುವುದು ನಮ್ಮ ಕಡೆ ಹೊಸದೇನಲ್ಲ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ. ಹಾಸನದಿಂದ ಘಟ್ಟವಿಳಿಯುವ ಹಾದಿ 1979ರ ತನಕ ಆಗಿರಲಿಲ್ಲ. ಆದಕಾರಣ ಹೆಂಚು ನಮ್ಮ ಗುಂತಕಲ್ಲು–ಬೆಂಗಳೂರು ಮಾರ್ಗದ ನಿಲ್ದಾಣಗಳಿಗೆ ತಲಪಬೇಕಾದರೆ ದಕ್ಷಿಣ ದೇಶವನ್ನೇ ಬಳಸಿ ಬರಬೇಕಾಗುತ್ತಿತ್ತು. ಅಷ್ಟು ದೂರ ಬಂದ ಭಾರದ ಪದಾರ್ಥವನ್ನು ಇಲ್ಲಿಯ ಗೃಹಸ್ಥರು ಮನೆಯಿಡೀ ಹೊದಿಸಲು ಬಳಸಲಿಲ್ಲ. ರೈಲ್ವೆಯವರೂ ಸರ್ಕಾರದವರೂ ತಮ್ಮ ಕಟ್ಟಡಗಳಿಗೆ ಧಾರಾಳವಾಗಿ ಹಾಕಿದರು. ಊರ ಜನ ಅದನ್ನು ಕಂಡು, ಮಾಳಿಗೆಯ ಮನೆಯ ಮುಂದೆ ಆರು ಅಡಿಯದೋ ಎಂಟು ಅಡಿಯದೋ ಒಂದು ಜಗಲಿಯನ್ನು ಚಾಚಿ, ಅದರ ಮೇಲೆ ಮಾತ್ರ ಹೆಂಚಿಟ್ಟರು. ಈ ಮಿತವ್ಯಯದಿಂದ ಹುಟ್ಟಿದ ರೂಪ ಬಹು ವಿವೇಕದ್ದೆಂದು ನಾನು ತಿಳಿದಿದ್ದೇನೆ. ಗೋಡೆಗೆ ನೇರವಾಗಿ ಬಿಸಿಲು ತಾಗುವುದಿಲ್ಲ; ಹೆಂಚುಗಳ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಹೋಗುವುದು; ಸಂಜೆಗೆ ಹೆಂಚು ಬೇಗನೆ ಆರುವುದು, ಹಿಂದಿನ ದಪ್ಪ ಮಾಳಿಗೆಯಾದರೋ ಹಗಲಿನ ಕಾವನ್ನು ನಡುರಾತ್ರಿಯವರೆಗೂ ಹಿಡಿದುಕೊಂಡಿರುವುದು. ಬೇಸಗೆಯಲ್ಲಿ ಜನ ಜಗಲಿಯಲ್ಲಿ ಮಲಗುತ್ತಿದ್ದುದು ಬರಿಯ ರೂಢಿಯಿಂದಲ್ಲ.

ಇಂಥ ಜಗಲಿಯುಳ್ಳವರು ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚಿನ ಬಿರುಗಾಳಿ ಬೀಸಿ ಹೋದ ಮೇಲೆ, ಸೂರನ್ನು ಪರಿಶೀಲಿಸತಕ್ಕದ್ದು. ಪರಿಶೀಲನೆ ಆರಂಭವಾಗಬೇಕಾದದ್ದು ಮೇಲಿನಿಂದಲ್ಲ, ಒಳಗಿನಿಂದ. ನಡುಹಗಲಿನಲ್ಲಿ ಜಗಲಿಯೊಳಗೆ ನಿಂತು ಮೇಲೆ ನೋಡಿದರೆ ಬೆಳಕಿನ ಚುಕ್ಕೆಗಳು ಕಾಣುತ್ತವೆ; ಪ್ರತಿಯೊಂದು ಚುಕ್ಕೆಯ ನೇರಕ್ಕೆ ನೆಲದ ಮೇಲೆ ಸುಣ್ಣದ ಗುರುತು ಹಾಕಿಕೊಂಡರೆ ಒಡೆದ ಹೆಂಚು ಯಾವುದು, ಸರಿದ ಹೆಂಚು ಯಾವುದು ಎಂಬುದು ತಪ್ಪದೆ ತಿಳಿಯುವುದು. ಪೆನುಕೊಂಡದಂತಹ ಬೆಟ್ಟದ ಊರುಗಳಲ್ಲಿ ಗಾಳಿಗಿಂತ ಕೋತಿಗಳೇ ಹೆಚ್ಚು ಹೆಂಚು ಸರಿಸುತ್ತವೆ. ಬರಿದೆ ಸರಿದುದನ್ನು ಒಳಗಿನಿಂದಲೇ ಕೋಲಿನ ತುದಿಗೆ ಬಟ್ಟೆ ಸುತ್ತಿ ಮೆಲ್ಲಗೆ ತಳ್ಳಿ ಗಾಡಿಗೆ ಕೂರಿಸಬಹುದು. ಬದಲಿಸಲೇಬೇಕಾದರೆ ಮೇಲಿನ ಸಾಲಿನ ಹೆಂಚನ್ನು ಸ್ವಲ್ಪ ಎತ್ತಿ, ಒಡೆದುದನ್ನು ಹೊರಗೆಳೆದು, ಹೊಸದನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಬೇಕು. ಮೇಲೆ ಹತ್ತುವ ಪ್ರಸಂಗ ಬಂದರೆ ಹೆಂಚಿನ ನಡುವೆ ಕಾಲಿಡಬಾರದು. ಏಣಿಯನ್ನೋ ಹಲಗೆಯನ್ನೋ ಅಡ್ಡಲಾಗಿ ಮಲಗಿಸಿ, ಕೆಳಗೆ ಪಕಾಸು ಇರುವ ಜಾಗದಲ್ಲಿ ಮಾತ್ರ ಭಾರ ಬಿಡಬೇಕು.

ಹೊಸ ಹೆಂಚನ್ನು ಆರಿಸುವುದರಲ್ಲಿ ಎರಡು ಎಚ್ಚರಿಕೆಗಳುಂಟು. ಮೊದಲನೆಯದು, ಬೇರೆ ಬೇರೆ ಕಾರ್ಖಾನೆಗಳ ಅಚ್ಚುಗಳು ನೋಡುವುದಕ್ಕೆ ಒಂದೇ ಆದರೂ ಗಾಡಿಗಳು ಕೂದಲೆಳೆಯಷ್ಟು ವ್ಯತ್ಯಾಸವಾಗಿ, ಒಂದರೊಡನೊಂದು ಕೂರುವುದಿಲ್ಲ. ಬೆರಕೆ ಸಾಲಿನ ಮೂಲಕವೇ ಮಳೆಗಾಳಿಯಲ್ಲಿ ನೀರು ಒಳನುಗ್ಗುವುದು. ಆದುದರಿಂದ ಒಂದು ಹೆಂಚನ್ನು ಮಾದರಿಗಾಗಿ ಕೈಯಲ್ಲಿ ಹಿಡಿದುಕೊಂಡೇ ಹಳೆಯ ಸಾಮಾನಿನ ಅಂಗಡಿಗೆ ಹೋಗಬೇಕು. ಎರಡನೆಯದು ಹೆಂಚಿನ ಬೇಯುವಿಕೆ. ಎಡಗೈ ಬೆರಳುಗಳ ಮೇಲೆ ಹೆಂಚನ್ನು ತೂಗಿಸಿಕೊಂಡು ಬಲಗೈಯ ಗೆಣ್ಣಿನಿಂದ ತಟ್ಟಿದರೆ, ಚೆನ್ನಾಗಿ ಬೆಂದದ್ದು ಕಂಚಿನ ತಟ್ಟೆಯಂತೆ ಖಣಿಲೆನ್ನುವುದು. ಬೇಯದುದೂ ಕೂದಲುಬಿರುಕು ಬಿಟ್ಟದ್ದೂ ಮಡಕೆಯ ಚೂರಿನಂತೆ ಡಬ್ಬೆನ್ನುವುದು. ಹೆಂಚಿನ ಭಾರತೀಯ ಮಾನಕವಾದ ಐಎಸ್ 654, ಹೆಂಚು ತನ್ನ ತೂಕದಲ್ಲಿ ನೂರಕ್ಕೆ 20ರಷ್ಟಕ್ಕಿಂತ ಹೆಚ್ಚು ನೀರನ್ನು ಹೀರಬಾರದೆಂದು ವಿಧಿಸುತ್ತದೆ. ಚೆನ್ನಾಗಿ ಒಣಗಿದ ಹೆಂಚನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಒರಸಿ ಮತ್ತೆ ತೂಗಿದರೆ ಮನೆಯಲ್ಲಿಯೇ ಇದನ್ನು ಕಂಡುಕೊಳ್ಳಬಹುದು. ಇದು ಸಣ್ಣ ವಿಷಯವಲ್ಲ. ನೂರು ಚದರಡಿ ಸೂರಿಗೆ ಸುಮಾರು 150 ಹೆಂಚುಗಳು ಬೇಕು. ಒಂದೊಂದಕ್ಕೆ ಎರಡೂವರೆ ಕಿಲೋ ಎಂದರೂ 375 ಕಿಲೋ ಆಯಿತು. ಹೆಂಚು ನೀರು ಕುಡಿದರೆ ಆ ಹೆಚ್ಚಿನ ಭಾರವೆಲ್ಲ ಗೆದ್ದಲು ತಿಂದ ಹಳೆಯ ರೀಪುಗಳ ಮೇಲೆ ಬೀಳುವುದು.

ನೆತ್ತಿಯ ಹೆಂಚುಗಳನ್ನು ಕೂರಿಸುವುದಕ್ಕೆ ಗಟ್ಟಿ ಸಿಮೆಂಟನ್ನು ಬಳಸುವ ಅಭ್ಯಾಸ ಈಗ ಎಲ್ಲೆಡೆಯೂ ಹಬ್ಬಿದೆ. ಅದನ್ನು ನಾನು ಒಪ್ಪಲಾರೆ. ಬಿಸಿಲಿಗೆ ಹಿಗ್ಗಿ ರಾತ್ರಿಗೆ ಕುಗ್ಗುವ ಹೆಂಚಿನ ಚಲನೆಯನ್ನು ಸಿಮೆಂಟು ಸಹಿಸದು. ಎರಡು ಬೇಸಗೆ ಕಳೆಯುವುದರೊಳಗೆ ಗಾರೆಯಾದರೂ ಬಿರಿಯುವುದು, ಹೆಂಚಿನ ಅಂಚಾದರೂ ಸೀಳುವುದು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರಸಿದ ಮೆತ್ತನೆಯ ಗಾರೆ ಸಾಕು. ಹೆಂಚಿಗೆ ಎಣ್ಣೆಬಣ್ಣ ಬಳಿಯುವುದೂ ಅಷ್ಟೇ ಅನುಚಿತ. ಒಳಗೆ ಸೇರಿದ ತೇವ ಹೊರಹೋಗಲಾರದೆ ಮೇಲ್ಮೈ ಪದರಪದರವಾಗಿ ಏಳುತ್ತದೆ. ಅಡಿಗೆಮನೆಗೂ ಹೆಂಚು ಹೊದಿಸಿದ್ದು ಅದು ಕತ್ತಲೆಯಾಗಿದ್ದರೆ ಗಾಜಿನ ಹೆಂಚು ಒಂದನ್ನು ಒಲೆಯ ನೇರಕ್ಕಲ್ಲದೆ ಪಾತ್ರೆ ತೊಳೆಯುವ ಮೂಲೆಯ ನೇರಕ್ಕೆ ಹಾಕಿಸಿಕೊಳ್ಳಿ. ಹೊಗೆ ಹಿಡಿದ ಗಾಜು ಬೆಳಕನ್ನು ಕೊಡಲಾರದು.

ಇನ್ನು ಮಾಳಿಗೆಯ ವಿಚಾರ. ಅನುಕೂಲವಂತರು ಮಣ್ಣಿನ ಮಾಳಿಗೆಯನ್ನು ಬಿಟ್ಟು ಮದರಾಸು ತಾರಸಿಯನ್ನು ಕಟ್ಟಿಸತೊಡಗಿದಾಗ, ಬಿಲ್ಲೆ ಬೇರೊಂದು ರೂಪದಲ್ಲಿ ಮನೆಯ ನೆತ್ತಿಗೇರಿತು. ಜಂತೆಗಳ ಮೇಲೆ ಕಿರಿದಾದ ತೆಳ್ಳನೆಯ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸುವುದು. ಅದರ ಮೇಲೆ ಇಟ್ಟಿಗೆಯ ಜಲ್ಲಿಯೂ ಸುಣ್ಣವೂ ಕೂಡಿದ ಮೂರು ನಾಲ್ಕು ಅಂಗುಲದ ಹಾಸು. ಹೆಂಗಸರೂ ಗಂಡಸರೂ ಸಾಲಾಗಿ ಕುಳಿತು, ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಯಿಟ್ಟ ನೀರನ್ನು ಚಿಮುಕಿಸುತ್ತ, ಕೊಡತಿ ಮೇಲಕ್ಕೆ ಪುಟಿಯುವ ತನಕ ದಿನಗಟ್ಟಲೆ ಬಡಿಯುವುದು. ಎಲ್ಲಕ್ಕೂ ಮೇಲೆ ಚಪ್ಪಟೆಯಾದ ಸುಟ್ಟಮಣ್ಣಿನ ಬಿಲ್ಲೆಗಳ ಹೊದಿಕೆ. ಬೆಲ್ಲದ ವ್ಯಾಪಾರಕ್ಕೆ ಹೆಸರಾದ ಹಿಂದೂಪುರದ ಸೀಮೆಯಲ್ಲಿ ಗಾರೆಗೆ ಬೆಲ್ಲದ ಬಡತನವಂತೂ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಿಂದ ಸಿಮೆಂಟು ಸರ್ಕಾರದ ಹತೋಟಿಗೆ ಒಳಪಟ್ಟು, 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತೆಂಬುದನ್ನು ನೆನೆದರೆ, ಈ ಸುಣ್ಣದ ವಿದ್ಯೆ ನಮ್ಮ ಕಡೆ ಅಷ್ಟು ದೀರ್ಘಕಾಲ ಉಳಿದುಬಂದುದರ ಕಾರಣವೂ ಹೊಳೆಯುವುದು.

ಇಂಥ ತಾರಸಿ ಸೋರಿದಾಗ ಮನೆಯವರಿಗೆ ಮೊದಲು ತೋಚುವ ಪರಿಹಾರವೆಂದರೆ ಮೇಲೊಂದು ಪದರ ಸಿಮೆಂಟು ಎರೆಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಹಳೆಯ ಜಂತೆಗಳ ಮೇಲೆ ಭಾರ ಏರುವುದು, ಕೆಳಗಿನ ಸುಣ್ಣಕ್ಕೂ ಮೇಲಿನ ಸಿಮೆಂಟಿಗೂ ಹೊಂದಿಕೆಯಾಗದೆ ನಡುವೆ ನೀರು ನಿಲ್ಲುವುದು, ಜಂತೆಯ ತುದಿ ಗೋಡೆಯೊಳಗೆ ಯಾರಿಗೂ ಕಾಣದಂತೆ ಕೊಳೆಯುವುದು. ಬಹುಪಾಲು ಸೋರಿಕೆ ಬಿಲ್ಲೆಯಿಂದ ಆಗುವುದಿಲ್ಲ. ಬಿಲ್ಲೆಗಳ ನಡುವಣ ಸಂದಿನಿಂದ, ಇಲ್ಲವೆ ಕಸ ತುಂಬಿದ ನೀರುಬಾಯಿಯ ಸುತ್ತಲಿನಿಂದ ಆಗುತ್ತದೆ. ಸಂದುಗಳನ್ನು ಅರ್ಧ ಅಂಗುಲದಷ್ಟು ಕೆರೆದು, ಧೂಳನ್ನು ಊದಿ, ನೀರೆರಚಿ, ಸಣ್ಣಗೆ ಅರೆದ ಸುಣ್ಣದ ಗಾರೆಯನ್ನು ಒತ್ತಿ ತುಂಬಿ, ಒಂದು ವಾರ ಒದ್ದೆ ಗೋಣಿಯನ್ನು ಮುಚ್ಚಿಟ್ಟರೆ, ಅನೇಕ ಮನೆಗಳಲ್ಲಿ ಅಷ್ಟೇ ಸಾಕಾಗುವುದು. ತಾರಸಿಯ ಕಾವನ್ನು ತಗ್ಗಿಸಬೇಕೆಂಬವರು, ಜಂತೆಗಳು ಗಟ್ಟಿಯಾಗಿವೆಯೆಂದು ಬಡಗಿಯಿಂದ ಖಚಿತಪಡಿಸಿಕೊಂಡು, ಕೆಟ್ಟುಹೋದ ಬಿಲ್ಲೆಗಳನ್ನು ಕಿತ್ತ ಜಾಗದಲ್ಲಿ ಬಿಳಿಯ ಪಿಂಗಾಣಿ ಬಿಲ್ಲೆಯ ಚೂರುಗಳನ್ನು ಹಾಸಬಹುದು. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುವುದು. ಕೆಳಗಿನ ಕೋಣೆಯಲ್ಲಿ ಅದರ ವ್ಯತ್ಯಾಸ ಮೈಗೇ ತಿಳಿಯುವುದು.

ಈಗ ನನಗೆ ಅತ್ಯಂತ ಪ್ರಿಯವಾದ ವಿಷಯಕ್ಕೆ ಬರುತ್ತೇನೆ; ಅದು ನೆಲ. ಪಕ್ಕದಲ್ಲಿಯೇ ತಾಡಿಪತ್ರಿಯ ಕಲ್ಲೂ ಕಡಪದ ಕಲ್ಲೂ ದೊರೆಯುತ್ತಿದ್ದಾಗ, ಕೆಂಪು ಕಾವಿಯ ಗಚ್ಚು ಎಲ್ಲ ಗಾರೆಯವರಿಗೂ ತಿಳಿದಿದ್ದಾಗ, ಬಣ್ಣದ ಸಿಮೆಂಟು ಬಿಲ್ಲೆಗಳನ್ನು ದುಡ್ಡುಕೊಟ್ಟು ತರಿಸಿ ಹಾಕಿಸುವುದು ಕೇವಲ ಅವಶ್ಯಕತೆಯ ಮಾತಾಗಿರಲಿಲ್ಲ. ಮೈಸೂರು ಅರಮನೆಯ ಕಲ್ಯಾಣಮಂಟಪದ ಚಿತ್ರನೆಲವನ್ನು ದಸರೆಗೆ ಹೋಗಿ ಕಂಡು ಬಂದವರು, ಬೊಂಬಾಯಿ ಮದರಾಸುಗಳಲ್ಲಿ ವರ್ತಕರ ಮನೆಗಳನ್ನು ನೋಡಿದವರು, ತಮ್ಮ ಪಡಸಾಲೆಗೂ ಒಂದು ಬಣ್ಣದ ಹಾಸು ಇರಲೆಂದು ಬಯಸಿದರು. ಇಂಗ್ಲೆಂಡಿನಿಂದ ಬರುತ್ತಿದ್ದ ಬಿಲ್ಲೆಗಳಿಗೆ ಎದುರಾಗಿ, ಸ್ವದೇಶಿಯ ಹುರುಪಿನಲ್ಲಿ 1922ರಲ್ಲಿ ಬೊಂಬಾಯಿಯಲ್ಲಿ ಭಾರತ್ ಸಂಸ್ಥೆ ಇಂಥ ಬಿಲ್ಲೆಗಳ ತಯಾರಿಕೆಯನ್ನು ಆರಂಭಿಸಿತು. ತಮಿಳುನಾಡಿನ ಕಾರೈಕುಡಿಯ ಹತ್ತಿರದ ಆತ್ತಂಗುಡಿಯಲ್ಲಿ ಗಾಜಿನ ಹಲಗೆಯ ಮೇಲೆ ಎರಕ ಹೊಯ್ಯುವ ಕೈಬಿಲ್ಲೆಯ ಕಸುಬು ಇಂದಿಗೂ ನಡೆದಿದೆ.

ಈ ಬಿಲ್ಲೆಯನ್ನು ಸುಡುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಎಂಟು ಅಂಗುಲದ ಚೌಕಟ್ಟಿನೊಳಗೆ ಹಿತ್ತಾಳೆಯ ಪಟ್ಟಿಗಳಿಂದ ಮಾಡಿದ ಅಚ್ಚನ್ನು ಇಟ್ಟು, ಅದರ ಒಂದೊಂದು ಮನೆಗೂ ಒಂದೊಂದು ಬಣ್ಣದ ಸಿಮೆಂಟಿನ ಎಸರನ್ನು ಸುರಿದು, ಅಚ್ಚನ್ನು ನಡುಗದ ಕೈಯಿಂದ ಎತ್ತಿ, ಮೇಲೆ ಒಣ ಸಿಮೆಂಟು ಮರಳನ್ನು ಉದುರಿಸಿ, ಯಂತ್ರದಲ್ಲಿ ಅದುಮಿ, ನೀರಿನ ತೊಟ್ಟಿಯಲ್ಲಿ ಹಲವು ದಿನ ನೆನೆಯಿಡುವರು. ಆದಕಾರಣ ಬಣ್ಣ ಮೇಲೆ ಬಳಿದುದಲ್ಲ, ಸುಮಾರು ಕಾಲಂಗುಲದ ಆಳಕ್ಕೆ ಬೆರೆತುದು. ಆದಕಾರಣವೇ ಐವತ್ತು ಅರುವತ್ತು ವರ್ಷ ಪಾದಗಳು ಸವೆಸಿದರೂ ಚಿತ್ರ ಅಳಿಯದೆ, ಬರಬರುತ್ತ ರೇಷ್ಮೆಯ ನುಣುಪನ್ನು ಪಡೆಯುವುದು. ಅಮೃತಶಿಲೆಯ ಚೂರುಗಳನ್ನು ಸೇರಿಸಿದ ಮೊಸಾಯಿಕ್ ಬಿಲ್ಲೆ ಇದರ ತಮ್ಮನೆನ್ನಬಹುದು. ಇವೆರಡಕ್ಕೂ ಅನ್ವಯಿಸುವ ಐಎಸ್ 1237 ಎಂಬ ಭಾರತೀಯ ಮಾನಕ ಮೊದಲು ಪ್ರಕಟವಾದದ್ದು 1959ರಲ್ಲಿ.

ಆದರೆ ಈ ಬಿಲ್ಲೆಗೆ ಒಬ್ಬ ಶತ್ರುವಿದ್ದಾನೆ, ಅವನು ಹುಳಿ. ಸಿಮೆಂಟೂ ಅಮೃತಶಿಲೆಯ ಪುಡಿಯೂ ಸುಣ್ಣದ ವಂಶದವು. ಹುಳಿ ತಾಗಿದ ಕಡೆ ಅವು ಕರಗಿಹೋಗುವುವು. ಹಿಂದೂಪುರದ ಪೇಟೆಯ ಒಂದು ಹಳೆಯ ಮನೆಯಲ್ಲಿ ನಾನಿದನ್ನು ಕಣ್ಣಾರೆ ಕಂಡೆ. ಪಡಸಾಲೆಯ ನೆಲ ಕಪ್ಪು, ಬಿಳುಪು, ಬೂದುಬಣ್ಣದ ಘನಾಕೃತಿಗಳದು. ಎಡಕ್ಕೆ ನಿಂತರೆ ಪೆಟ್ಟಿಗೆಗಳನ್ನು ಜೋಡಿಸಿಟ್ಟಂತೆ, ಬಲಕ್ಕೆ ನಿಂತರೆ ಮೆಟ್ಟಿಲುಗಳಂತೆ ಕಾಣುವ ಆ ಪ್ರಸಿದ್ಧ ವಿನ್ಯಾಸ, ಇನ್ನೂ ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದ ಕೋಣೆಗೆ ಕಾಲಿಟ್ಟರೆ ಅದೇ ಬಿಲ್ಲೆ, ಅದೇ ವಿನ್ಯಾಸ. ಆದರೆ ಮೇಲ್ಮೈಯೆಲ್ಲ ಸಿಡುಬಿನ ಮುಖದಂತೆ ಗುಳಿಬಿದ್ದು, ಬೆರಳಾಡಿಸಿದರೆ ಮರಳಿನಂತೆ ತರಕಾಗಿತ್ತು. ಮನೆಯ ಹಿರಿಯಾಕೆ ಗೋಡೆಯ ಬುಡವನ್ನು ತೋರಿಸಿದರು; ಹುಣಸೆಹಣ್ಣಿನ ಮೂಟೆಗಳನ್ನು ವರ್ಷಗಟ್ಟಲೆ ಅಲ್ಲಿ ಒಟ್ಟಿದ್ದರಂತೆ. ಮೂಟೆಯ ತಳಗಳು ಒತ್ತಿದ ಜಾಗ ಒಂದೊಂದೂ ಗುಂಡಗೆ ಗುರುತಾಗಿ ಉಳಿದಿತ್ತು. ಎರಡು ಮೂಟೆಗಳ ಸಂದಿನಲ್ಲಿ, ಹುಣಸೆ ತಾಗದ ಮೂರುಮೂಲೆಯ ಜಾಗಗಳಲ್ಲಿ ಮಾತ್ರ ಹಳೆಯ ಹೊಳಪು ಹಾಗೆಯೇ ಇತ್ತು.

ಹುಣಸೆ ಮಾಡುವುದಕ್ಕೆ ವರ್ಷಗಳು ಬೇಕು. ಆಸಿಡ್ ಒಂದೇ ಗಂಟೆಯಲ್ಲಿ ಮಾಡುತ್ತದೆ. ನಮ್ಮ ಮನೆಯಲ್ಲಿಯೇ ಇದು ನಡೆಯಿತು. ಮದುವೆಯೊಂದಕ್ಕೆ ಮುಂಚೆ ನೆಲವನ್ನು ಹೊಸದರಂತೆ ಮಾಡಿಕೊಡುತ್ತೇವೆಂದು ಬಂದ ಗುತ್ತಿಗೆಯವರೊಬ್ಬರು, ನಾನು ಊರಲ್ಲಿಲ್ಲದ ಹೊತ್ತಿನಲ್ಲಿ, ಕಕ್ಕಸು ತೊಳೆಯುವ ಆಸಿಡನ್ನು ನೀರಿಗೆ ಬೆರಸಿ ನಡುಮನೆಯ ಬಿಲ್ಲೆಗಳ ಮೇಲೆ ಚೆಲ್ಲಿ ಉಜ್ಜಿದರು. ನೆಲ ನೊರೆಗಟ್ಟಿ ಉಕ್ಕಿತಂತೆ. ಕೊಳೆಯೆಲ್ಲ ಹೊರಗೆ ಬರುತ್ತಿದೆಯೆಂದು ಎಲ್ಲರೂ ಸಂತೋಷಪಟ್ಟರಂತೆ. ಉಕ್ಕಿದುದು ಕೊಳೆಯಲ್ಲ, ಬಿಲ್ಲೆಯೇ. ನಾನು ಬಂದು ನೋಡುವಾಗ, ನನ್ನ ಅಜ್ಜಿ ಪ್ರತಿದಿನ ಕುಳಿತು ಹೂಕಟ್ಟುತ್ತಿದ್ದ ಕಂಬದ ಬುಡದಲ್ಲಿ, ಅವಳ ಸೀರೆಯೇ ಒರಸಿ ಒರಸಿ ನುಣುಪು ಮಾಡಿದ್ದ ನಾಲ್ಕು ಬಿಲ್ಲೆಗಳು ಬೂದಿ ಎರಚಿದಂತೆ ಮಂಕಾಗಿದ್ದವು. ಆ ನಾಲ್ಕು ಬಿಲ್ಲೆಗಳಿಗಾಗಿ ನಾನು ಇಂದಿಗೂ ವ್ಯಥೆಪಡುತ್ತೇನೆ.

ಆದುದರಿಂದ ಇಂಥ ನೆಲಕ್ಕೆ ಬೇಕಾದುದು ಬಹು ಅಲ್ಪ. ದಿನವೂ ಮೆತ್ತನೆಯ ಪೊರಕೆಯಿಂದ ಧೂಳು ತೆಗೆಯುವುದು, ಏಕೆಂದರೆ ನಮ್ಮ ಸೀಮೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಪಾದದಡಿಯಲ್ಲಿ ಉಪ್ಪುಕಾಗದದಂತೆ ಕೆಲಸಮಾಡುತ್ತವೆ. ಬಳಿಕ ಬರಿಯ ನೀರಿನಿಂದ ಒರಸುವುದು. ಜಿಡ್ಡಿದ್ದರೆ ಸ್ವಲ್ಪ ಸಾಧಾರಣ ಸಾಬೂನು. ನಿಂಬೆಹಣ್ಣು, ವಿನಿಗರು, ಹುಣಸೆಯ ನೀರು, ಕಕ್ಕಸು ತೊಳೆಯುವ ದ್ರವಗಳು ಹತ್ತಿರ ಸುಳಿಯಬಾರದು. ಉಪ್ಪಿನಕಾಯಿಯ ಜಾಡಿಯ ಕೆಳಗೆ ಮಣೆಯೊಂದಿರಲಿ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಳೆಯ ಪಂಚೆಗೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆಯನ್ನು ಸೋಕಿಸಿ ಉಜ್ಜಿ, ಒಡನೆಯೇ ಒಣಬಟ್ಟೆಯಿಂದ ಎಣ್ಣೆಯ ಪಸೆ ಉಳಿಯದಂತೆ ಒರಸಿ ತೆಗೆದರೆ ಬಣ್ಣಗಳು ಏಳುತ್ತವೆ. ವಯಸ್ಸಾದವರಿರುವ ಮನೆಯಲ್ಲಿ ಈ ಕಡೆಯ ಒರಸುವಿಕೆಯನ್ನು ಮರೆಯಲೇಬಾರದು. ಪೂರಾ ಮಂಕಾದ ನೆಲವನ್ನು ಯಂತ್ರದಿಂದ ಸಾಣೆ ಹಿಡಿಸಬಹುದು. ಆದರೆ ಇರುವುದು ಕಾಲಂಗುಲದ ಬಣ್ಣ, ಪ್ರತಿ ಸಾಣೆಗೂ ಅದರಲ್ಲಿ ಒಂದು ಪಾಲು ಹೋಗುವುದು. ಒರಟು ಕಲ್ಲನ್ನು ಬಿಟ್ಟು ನಯವಾದ ಕಲ್ಲಿನಿಂದಲೇ ಆರಂಭಿಸಲು ಹೇಳಿ. ಮೊದಲು ಮಂಚದ ಕೆಳಗೆ ಬರುವ ಒಂದು ಬಿಲ್ಲೆಯ ಮೇಲೆ ಮಾಡಿಸಿ ನೋಡಿ. ನಮ್ಮ ನಡುಮನೆಯ ನೆಲವನ್ನು ಹೀಗೆ ಬಹುಮಟ್ಟಿಗೆ ಉಳಿಸಿಕೊಂಡೆವು. ಕಂಬದ ಬುಡದವನ್ನು ಮಾತ್ರ ಮುಟ್ಟಲಿಲ್ಲ.

ಗೋಡೆಯ ಪಿಂಗಾಣಿ ಬಿಲ್ಲೆಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ದೇವರ ಗೂಡಿನ ಸುತ್ತಲೋ ತುಲಸಿಕಟ್ಟೆಯ ಮೈಮೇಲೋ ಉಬ್ಬುಚಿತ್ರದ ಬಣ್ಣದ ಬಿಲ್ಲೆಗಳಿದ್ದು, ಅವುಗಳಲ್ಲಿ ಒಂದು ಸಡಿಲಗೊಂಡು ಬಿದ್ದಾಗ ಬೆನ್ನ ಮೇಲೆ ಜಪಾನಿನ ಹೆಸರು ಕಂಡರೆ, ಅದು 1941ರ ಡಿಸೆಂಬರಿನಲ್ಲಿ ಯುದ್ಧ ಪೂರ್ವಕ್ಕೆ ಹಬ್ಬಿ ಆ ದೇಶದ ವ್ಯಾಪಾರ ನಿಲ್ಲುವುದಕ್ಕಿಂತ ಹಿಂದೆ ಬಂದುದಾಗಿರುವ ಸಂಭವವೇ ಹೆಚ್ಚು. ಅಂಥವು ಇನ್ನು ದೊರೆಯವು, ಜೋಪಾನಮಾಡಿ. ಬಿಳಿಯ ಸಾದಾ ಬಿಲ್ಲೆಗಳು, 1958ರಲ್ಲಿ ಜಾನ್ಸನ್ ಸಂಸ್ಥೆ ನಮ್ಮ ದೇಶದಲ್ಲಿಯೇ ಆರಂಭವಾದ ಮೇಲೆ, ಬಚ್ಚಲುಮನೆಗಳಿಗೂ ಅಡಿಗೆಮನೆಗಳಿಗೂ ಮೆಲ್ಲಮೆಲ್ಲನೆ ಇಳಿದುಬಂದವು. ಬೆರಳಿನಿಂದ ತಟ್ಟಿ ಟೊಳ್ಳು ಸದ್ದು ಬಂದ ಬಿಲ್ಲೆಯನ್ನು ತಾನಾಗಿ ಬೀಳುವ ಮುಂಚೆಯೇ ಬಿಡಿಸಿ ಮತ್ತೆ ಕೂರಿಸಬೇಕು. ಮೇಲ್ಮೈಯ ಜೇಡರಬಲೆಯಂತಹ ಸಣ್ಣ ಗೆರೆಗಳಿಗೆ ಹೆದರಬೇಕಾಗಿಲ್ಲ. ಜಗಲಿಯ ತಡಿಕೆಗೆ ಬದಲಾಗಿ ಇಟ್ಟ ರಂಧ್ರಗಳ ಜಾಲಿ ಬಿಲ್ಲೆಗಳನ್ನು ಧೂಳಿನ ನೆವದಿಂದ ಗಾರೆ ಮೆತ್ತಿ ಮುಚ್ಚುವ ಮನೆಗಳನ್ನು ಕಂಡಾಗ ನನಗೆ ದುಃಖವಾಗುತ್ತದೆ. ಒಳಗಡೆಯಿಂದ ಸಣ್ಣ ಕಣ್ಣಿನ ತಂತಿಯ ಬಲೆಯನ್ನು ತೆಗೆದಿಡಲು ಬರುವ ಚೌಕಟ್ಟಿನಲ್ಲಿ ಹೊಡೆಸಿದರೆ ಗಾಳಿಯೂ ಉಳಿಯಿತು, ನೆಲದ ಮೇಲೆ ಬೆಳಗಿನ ಹೊತ್ತು ಬೀಳುವ ಆ ಬಿಸಿಲಿನ ರಂಗವಲ್ಲಿಯೂ ಉಳಿಯಿತು.

ಎಷ್ಟು ಜೋಪಾನಮಾಡಿದರೂ ಕೆಲವು ಮನೆಗಳನ್ನು ಕೆಡವಲೇಬೇಕಾಗುವುದು. ಅಣ್ಣತಮ್ಮಂದಿರ ಪಾಲು, ರಸ್ತೆಯ ಅಗಲೀಕರಣ, ಹೀಗೆ ಕಾರಣಗಳು ಹಲವು. ಆಗಲೂ ಹೆಂಚು ಬಿಲ್ಲೆಗಳನ್ನು ಮಣ್ಣಿನೊಡನೆ ಹಳ್ಳಕ್ಕೆ ಸುರಿಯಬೇಕಾಗಿಲ್ಲ. ನೆಲದ ಬಿಲ್ಲೆಗಳನ್ನು ಗೋಡೆಯ ಕಡೆಯ ಅಂಚಿನ ಸಾಲಿನಿಂದ ಬಿಡಿಸತೊಡಗಬೇಕು. ಆ ಸಾಲಿನ ಒಂದೆರಡು ಬಿಲ್ಲೆಗಳನ್ನು ಬಲಿಕೊಟ್ಟು ಬಾಯಿ ಮಾಡಿಕೊಂಡು, ತೆಳ್ಳನೆಯ ಅಗಲ ಉಳಿಯನ್ನು ಬಿಲ್ಲೆಯ ಅಡಿಗೆ ಮಲಗಿಸಿ ಹೊಡೆದರೆ, ಸುಣ್ಣದ ಗಾರೆಯಲ್ಲಿ ಕೂರಿಸಿದವು ಬಹುಪಾಲು ಹಾಗೆಯೇ ಎದ್ದುಬರುವುವು. ಸಿಮೆಂಟಿನಲ್ಲಿ ಕೂರಿಸಿದ್ದರೆ ಬಹಳ ನಷ್ಟಕ್ಕೆ ಸಿದ್ಧವಾಗಿರಬೇಕು. ಎದ್ದ ಬಿಲ್ಲೆಗಳನ್ನು ಮುಖಕ್ಕೆ ಮುಖವಿಟ್ಟು, ನಡುವೆ ಕಾಗದ ಹಾಕಿ, ಅಂಚಿನ ಮೇಲೆ ನಿಲ್ಲಿಸಿ ಇಡಬೇಕು. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನವು ಬಿರಿಯುವುವು. ಸೂರಿನ ಹೆಂಚು ಹೊಸ ಸೂರಿಗೆ ಬೇಡವಾದರೆ, ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ಕ್ರಮವೊಂದುಂಟು: ಕಾಂಕ್ರೀಟಿನ ಮಾಳಿಗೆಯಲ್ಲಿ ಕಂಬಿಗಳ ನಡುವೆ, ಕೆಳಭಾಗದ ಕೆಲಸವಿಲ್ಲದ ಕಾಂಕ್ರೀಟಿಗೆ ಬದಲಾಗಿ, ಎರಡೆರಡು ಹೆಂಚುಗಳನ್ನು ಬೋರಲು ಜೋಡಿಸುವುದು. ಸಿಮೆಂಟು ಉಳಿಯುವುದು, ಹೆಂಚುಗಳ ನಡುವಣ ಗಾಳಿ ಕಾವನ್ನು ತಡೆಯುವುದು, ಒಳಗಿನಿಂದ ಮೇಲೆ ನೋಡಿದರೆ ಹಳೆಯ ಕೆಂಪು ಮತ್ತೆ ಕಾಣುವುದು. ಕಂಬಿಯ ಲೆಕ್ಕವನ್ನು ಮಾತ್ರ ಎಂಜಿನಿಯರರಿಂದಲೇ ಹಾಕಿಸಬೇಕು.

ಕೆಡವದೆ ಸೂರಿನ ಮರವನ್ನಷ್ಟೇ ಬದಲಿಸುವವರಿಗೆ ಒಂದು ಮಾತು. ಇಳಿಸುವ ಮುಂಚೆ ಪ್ರತಿಯೊಂದು ಪಕಾಸಿಗೂ ಅಂಕಿ ಹಾಕಿಸಿ. ಹಳೆಯ ಗೋಡೆಗಳು ನೇರವಿರುವುದಿಲ್ಲ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಪಕಾಸು ಒಂದು ಬೆರಳು ಸರಿದರೂ ರೀಪು ಓರೆಯಾಗಿ ಹೆಂಚಿನ ಗಾಡಿ ತಪ್ಪುವುದು. ಮಡಕಶಿರದ ಕಡೆಯ ನಮ್ಮ ಬಂಧುಗಳ ಮನೆಯ ಜಗಲಿಯನ್ನು ಬಿಚ್ಚಿದಾಗ, ಅಂಕಿ ಹಾಕಲು ಸುಣ್ಣದ ಕಡ್ಡಿ ಹಿಡಿದು ಮೇಲೇರಿದ ಬಡಗಿ ಒಂದು ಗಳಿಗೆ ಸುಮ್ಮನೆ ನಿಂತು, ನನ್ನನ್ನು ಏಣಿ ಹತ್ತಿಸಿ ತೋರಿಸಿದನು: ಗೋಡೆಯ ಮೇಲಿನ ತುದಿಯಲ್ಲಿ, ಗೆದ್ದಲ ಮಣ್ಣಿನ ಕೆಳಗೆ, ಪ್ರತಿಯೊಂದು ಪಕಾಸಿನ ಮೇಲೆಯೂ ಉಳಿಯಿಂದ ಕೊರೆದ ಅಂಕಿಗಳು ಮೊದಲೇ ಇದ್ದವು. ನಮ್ಮ ಅಂಕಿಗಳೋ ತೆಲುಗಿನವೋ ಹೇಳುವುದು ಕಷ್ಟ, ಎರಡೂ ಹೆಚ್ಚುಕಡಮೆ ಒಂದೇ. ಒಂದರಿಂದ ಹದಿನೇಳರ ವರೆಗೆ ಎಣಿಸಿದೆವು. ಬಡಗಿ ಸುಣ್ಣದ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡು, ಅದೇ ಅಂಕಿಗಳ ಕ್ರಮದಲ್ಲಿ ಇಳಿಸತೊಡಗಿದನು.